ಫೋನ್ ಮಾಡಿದ್ರೆ ಬರ್ಲೇಬೇಕು ಅಂತ ಕಾನೂನಿದ್ಯಾ? – ಸಂಪಾದಕರ ಉತ್ತರ

ಹೊಸನಗರ ತಾಲ್ಲೂಕಿನ ಓದುಗರೊಬ್ರು (ಹೆಸರು ಹಾಕ್ಬೇಡಿ ಅಂದಿದಾರೆ) ಬರೆದಿದ್ದರ ಸಾರ ಇಷ್ಟು. ಮಳೆಗಾಲದಲ್ಲಿ ಪಕ್ಕದ ತೋಟಕ್ಕೆ ಕೊಳೆ ಔಷಧಿ ಹೊಡೆಯೋಕೆ ಬಂದಿದ್ದ ಕೊನೆಗೌಡ (ಅಡಿಕೆ ಮರ ಹತ್ತೋ ಕೆಲಸದವ) ಮರದಿಂದ ಜಾರಿ ಬಿದ್ದ. ತೋಟದಲ್ಲಿ ಸಿಗ್ನಲ್ ಇಲ್ಲ, ಹುಡುಗನೊಬ್ಬ ಗುಡ್ಡ ಹತ್ತಿ 108ಕ್ಕೆ ಫೋನ್ ಮಾಡ್ದ, ಗಾಡಿ ಕಳಿಸ್ತೀವಿ ಅಂದ್ರು. ಕಾದು ಕಾದು ಮತ್ತೆ ಮಾಡಿದ್ರೆ ಗಾಡಿ ಬೇರೆ ಪೇಷಂಟ್ ಹಾಕ್ಕೊಂಡು ಶಿವಮೊಗ್ಗಕ್ಕೆ ಹೋಗಿದೆ ಅಂದ್ರು. ಪ್ಲಾಸ್ಟಿಕ್ ಕುರ್ಚಿಲಿ ಕೂರಿಸಿ ರಸ್ತೆವರೆಗೂ ಹೊತ್ಕೊಂಡ್ ಬಂದು, ಪಿಕಪ್‌ನಲ್ಲಿ ಹಾಕ್ಕೊಂಡು ಒಂದು ಖಾಸಗಿ ಆಸ್ಪತ್ರೆಗೆ ಹೋದ್ರೆ ಅಲ್ಲಿ ಮೊದ್ಲು ಅಡ್ವಾನ್ಸ್ ಕಟ್ಟಿ ಅಂದ್ರು. ಜೀವ ಉಳಿದಿದೆ, ಸೊಂಟ ಮಾತ್ರ ಮೊದಲಿನ ಹಾಗಿಲ್ಲ. ಅವರ ಪ್ರಶ್ನೆ: "ಅಮೆರಿಕದಲ್ಲಿ ಪೊಲೀಸ್ರಿಗೆ ಜನರನ್ನ ಕಾಪಾಡೋ ಡ್ಯೂಟಿನೇ ಇಲ್ಲ ಅಂತ ಕೋರ್ಟೇ ಹೇಳಿದೆ ಅಂತ ವಾಟ್ಸಾಪಲ್ಲಿ ವಿಡಿಯೋ ಬಂದಿತ್ತು. ನಮ್ಮಲ್ಲೂ ಹಂಗೇನಾ? ಹಂಗಿದ್ರೆ ಈ ನಂಬರ್‌ಗಳೆಲ್ಲ ಎಂತಕ್ಕೆ? ಆ ಡ್ರೈವರ್ ಮೇಲೆ ಕಂಪ್ಲೇಂಟ್ ಕೊಡ್ಬಹುದಾ?"

ಉತ್ತರ:

ವಿಡಿಯೋದಲ್ಲಿ ಹೇಳಿದ್ದು ಸುಳ್ಳಲ್ಲ ಮಾರಾಯ್ರೆ, ಆದ್ರೆ ಅದು ಅಲ್ಲಿಯ ಕಥೆ. 1975ರಲ್ಲಿ ವಾಷಿಂಗ್ಟನ್‌ನಲ್ಲಿ ಒಂದು ಮನೆಗೆ ಇಬ್ರು ನುಗ್ಗಿದ್ರು, ಮೇಲಿನ ಮಹಡಿಲಿದ್ದ ಹೆಂಗಸ್ರು ಪೊಲೀಸ್ರಿಗೆ ಫೋನ್ ಮಾಡಿದ್ರು, ಪೊಲೀಸ್ರು ಬಂದು ಬಾಗಿಲು ತಟ್ಟಿ ಯಾರೂ ತೆಗೀಲಿಲ್ಲ ಅಂತ ವಾಪಸ್ ಹೋದ್ರು, ಎರಡನೇ ಸಲ ಫೋನ್ ಮಾಡಿದಾಗ ಬರ್ತಿದಾರೆ ಅಂತ ಹೇಳಿ ಯಾರನ್ನೂ ಕಳಿಸ್ಲೇ ಇಲ್ಲ. ಆ ಹೆಂಗಸ್ರು 14 ಗಂಟೆ ನರಕ ಕಂಡ್ರು. 1981ರಲ್ಲಿ ಅಲ್ಲಿಯ ಅಪೀಲು ಕೋರ್ಟು 4–3ರಲ್ಲಿ ಹೇಳಿದ್ದು ಇಷ್ಟೇ, ಪೊಲೀಸ್ರ ಡ್ಯೂಟಿ ಇರೋದು ಒಟ್ಟು ಸಾರ್ವಜನಿಕರಿಗೆ, ನಿಮ್ಮೊಬ್ಬರಿಗೆ ಅಂತ ಅಲ್ಲ, ಹಾಗಾಗಿ ಪರಿಹಾರ ಇಲ್ಲ. 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೂ ಹತ್ರತ್ರ ಅದನ್ನೇ ಹೇಳ್ತು. ಕೊಲೊರಾಡೊದ ಒಬ್ಬ ತಾಯಿ ಕೈಲಿ ಗಂಡ ಹತ್ರ ಬರಬಾರ್ದು ಅಂತ ಕೋರ್ಟಿನ ಆರ್ಡರೇ ಇತ್ತು, ಅವ್ನು ಮೂರು ಹೆಣ್ಣುಮಕ್ಕಳನ್ನ ಎತ್ಕೊಂಡ್ ಹೋದ ಅಂತ ಸಾಯಂಕಾಲದಿಂದ ರಾತ್ರಿವರೆಗೂ ಪೊಲೀಸ್ರ ಹಿಂದೆ ಬಿದ್ಲು, ಬೆಳಗಾಗೋದ್ರೊಳಗೆ ಮೂರೂ ಮಕ್ಕಳ ಜೀವ ಹೋಗಿತ್ತು. ಅಲ್ಲೂ 7–2ರಲ್ಲಿ ತಾಯಿಗೆ ಸೋಲು. ಅಲ್ಲಿ ಸರ್ಕಾರ ನಿಮ್ಮನ್ನ ತನ್ನ ಕಸ್ಟಡಿಲಿ ಇಟ್ಕೊಂಡಿದ್ರೆ ಆಗ ಕಾಪಾಡೋ ಹೊಣೆ ಅದರದ್ದು, ಇಲ್ಲಾಂದ್ರೆ ಸಂವಿಧಾನದ ಹೆಸರು ಹೇಳಿ ಗೆಲ್ಲೋದು ಬಹಳ ಕಷ್ಟ.

ಇಂಗ್ಲೆಂಡಿನ ಒಂದು ಕೇಸು ನಿಮ್ಮ ಕೊನೆಗೌಡನ ಕೇಸಿಗೆ ಇನ್ನೂ ಹತ್ರ ಇದೆ. ಆಸ್ತಮಾ ಜೋರಾದ ಬಸುರಿ ಹೆಂಗಸಿಗೆ ಡಾಕ್ಟ್ರೇ ಆಂಬುಲೆನ್ಸ್‌ಗೆ ಫೋನ್ ಮಾಡಿದ್ರು, ಬರ್ತಿದೆ ಬರ್ತಿದೆ ಅಂತ ಹೇಳಿ ಬರೋಕೆ 40 ನಿಮಿಷ ತಗೊಂಡ್ರು, ಅಷ್ಟೊತ್ತಿಗೆ ಉಸಿರು ನಿಂತು ಮಿದುಳಿಗೆ ಪೆಟ್ಟಾಯ್ತು, ಮಗುನೂ ಹೋಯ್ತು. 2000ದಲ್ಲಿ ಅಲ್ಲಿಯ ಅಪೀಲು ಕೋರ್ಟು ಆಂಬುಲೆನ್ಸ್ ಸರ್ವೀಸೇ ಹೊಣೆ ಅಂತು. ಯಾಕಂದ್ರೆ ಕರೆ ಒಪ್ಕೊಂಡಾಗಿತ್ತು, ಬರ್ತಿದೆ ಅನ್ನೋ ಮಾತು ನಂಬ್ಕೊಂಡೇ ಮನೆಯವ್ರು ಬೇರೆ ದಾರಿ ನೋಡ್ಲಿಲ್ಲ, ಗಂಡನ ಕಾರಲ್ಲೇ ಕಳಿಸಿಬಿಡ್ತಿದ್ದೆ ಅಂತ ಡಾಕ್ಟ್ರೂ ಹೇಳಿದ್ರು. ಅದೇ ದೇಶದಲ್ಲಿ ಫೈರ್ ಬ್ರಿಗೇಡ್ ಮಾತ್ರ ಕರೆದ ಕೂಡ್ಲೇ ಬರೋ ಹೊಣೆಗೆ ಸಿಕ್ಕಲ್ಲ, ಬಂದು ಪರಿಸ್ಥಿತಿ ಇನ್ನೂ ಹದಗೆಡಿಸಿದ್ರೆ ಮಾತ್ರ ಸಿಕ್ಕಿಬೀಳುತ್ತೆ, 1997ರ ತೀರ್ಪು. ವಿಚಿತ್ರ ಅನ್ಸುತ್ತೆ, ನನಗೂ ಅನ್ಸುತ್ತೆ.

ಈಗ ನಮ್ಮಲ್ಲಿಗೆ ಬರೋಣ. ನಮ್ಮಲ್ಲಿ ಡ್ಯೂಟಿ ಇಲ್ಲ ಅನ್ನೋ ಪ್ರಶ್ನೆನೇ ಇಲ್ಲ, ಕಾಗದದ ಮೇಲೆ ನೋಡಿದ್ರೆ ಅಮೆರಿಕಕ್ಕಿಂತ ನಾವೇ ಮುಂದೆ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ಕೃಷಿ ಕೂಲಿಕಾರರ ಸಂಘದ ಒಬ್ಬ ರೈಲಿಂದ ಬಿದ್ದು ತಲೆಗೆ ಪೆಟ್ಟಾಯ್ತು. ಒಂದು ಸರ್ಕಾರಿ ಆಸ್ಪತ್ರೆ ಆಯ್ತು, ಇನ್ನೊಂದು ಆಯ್ತು, ಎಲ್ಲಾ ಕಡೆ ಬೆಡ್ ಇಲ್ಲ, ಸೌಲಭ್ಯ ಇಲ್ಲ, ಕೊನೆಗೆ ಖಾಸಗಿಗೆ ಹೋಗಿ ಕೈಯಿಂದ ದುಡ್ಡು ಕಟ್ಟಿದ. 1996ರಲ್ಲಿ ಸುಪ್ರೀಂ ಕೋರ್ಟು ಇದು ಸಂವಿಧಾನದ 21ನೇ ವಿಧಿಯ ಬದುಕೋ ಹಕ್ಕಿನ ಉಲ್ಲಂಘನೆ ಅಂತ ಹೇಳಿ 25,000 ರೂಪಾಯಿ ಪರಿಹಾರ ಕೊಡಿಸ್ತು, ದುಡ್ಡಿಲ್ಲ ಅಂತ ಸರ್ಕಾರ ಈ ಹೊಣೆಯಿಂದ ತಪ್ಪಿಸ್ಕೊಳ್ಳೋ ಹಾಗಿಲ್ಲ ಅಂತ್ಲೂ ಹೇಳ್ತು, ಆಂಬುಲೆನ್ಸ್ ವ್ಯವಸ್ಥೆ ಇರ್ಬೇಕು, ಎಲ್ಲಿ ಬೆಡ್ ಖಾಲಿ ಇದೆ ಅಂತ ತಿಳಿಯೋ ಹಾಗೆ ಸಂಪರ್ಕ ಇರ್ಬೇಕು ಅಂತ್ಲೂ ಬರೀತು. ಅದಕ್ಕೂ ಮುಂಚೆ 1989ರಲ್ಲೇ, ಸರ್ಕಾರಿ ಆಗ್ಲಿ ಖಾಸಗಿ ಆಗ್ಲಿ ಡಾಕ್ಟ್ರು ಮೊದ್ಲು ಜೀವ ನೋಡ್ಬೇಕು, ಪೊಲೀಸ್ ಕೇಸು ಕಾಗದಪತ್ರ ಆಮೇಲೆ ಅಂತ ತೀರ್ಪಿದೆ.

ಪೊಲೀಸ್ರ ವಿಷ್ಯ ಬೇಗ ಹೇಳಿ ಮುಗಿಸ್ತೀನಿ, ನಿಮ್ಮದು ಅದಲ್ಲ. ಠಾಣೆಗೆ ಬಂದ ದೂರಲ್ಲಿ ಗಂಭೀರ ಅಪರಾಧ ಕಾಣ್ತಿದ್ರೆ ಎಫ್‌ಐಆರ್ ಹಾಕ್ಲೇಬೇಕು ಅಂತ 2013ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ, ಈಗಿನ ಹೊಸ ಕಾನೂನಲ್ಲಿ ಯಾವ ಠಾಣೆಲಿ ಬೇಕಾದ್ರೂ ಕೊಡ್ಬಹುದು, ನಮ್ ಲಿಮಿಟ್ ಅಲ್ಲ ಅನ್ನೋ ಹಾಗಿಲ್ಲ. ಅಪರಾಧ ಆಗದ ಹಾಗೆ ಕೈಲಾದಷ್ಟು ತಡೀಬೇಕು ಅಂತ್ಲೂ ಕಾನೂನಲ್ಲೇ ಇದೆ. ಆ "ಕೈಲಾದಷ್ಟು" ಅನ್ನೋದ್ರೊಳಗೆ ಒಂದು ಜೀಪು, ಇಬ್ರು ಪೇದೆ, ನಡುವೆ ಮರ ಬಿದ್ದಿರೋ ರಸ್ತೆ ಎಲ್ಲಾ ಬಂದ್ಬಿಡುತ್ತೆ ಅನ್ನೋದು ಬೇರೆ ಮಾತು.

ಹಾಗಾದ್ರೆ ಎಡವಟ್ಟು ಎಲ್ಲಿ? ಎಷ್ಟು ನಿಮಿಷದೊಳಗೆ ಬರ್ಲಿಲ್ಲ ಅಂದ್ರೆ ಹಕ್ಕಿಗೆ ಧಕ್ಕೆ ಆಯ್ತು ಅಂತ ಆ ತೀರ್ಪುಗಳಲ್ಲಿ ಎಲ್ಲೂ ಗೆರೆ ಎಳೆದಿಲ್ಲ. ನಿಮ್ಮ ಕೇಸು ನಿಂತಿರೋದೂ ಅಲ್ಲೇ. ಗಾಡಿ ಲೇಟಾಯ್ತು ಅಂದ್ರೆ ಅವ್ರು ಘಾಟಿ, ಮಳೆ, ದೂರ ಅಂತಾರೆ, ಅದೆಲ್ಲ ನಿಜಾನೂ ಹೌದು, ಹುಲಿಕಲ್ ಘಾಟಿಲಿ ಜುಲೈ ತಿಂಗಳ ಮಂಜಲ್ಲಿ ಗಾಡಿ ಓಡ್ಸಿದವ್ರಿಗೆ ಗೊತ್ತು. ಶರಾವತಿ ಹಿನ್ನೀರಿನ ಆಚೆ ದಡದ ತುಮರಿ ಕಡೆಯವ್ರು 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗೋವರೆಗೂ ರಾತ್ರಿ ಹೊತ್ತು ಲಾಂಚ್ (ನೀರು ದಾಟಿಸೋ ದೋಣಿ) ಇಲ್ದೆ ಹಿನ್ನೀರು ಸುತ್ತಿ ಸಾಗರಕ್ಕೆ ಹೋಗ್ಬೇಕಿತ್ತು, ಅವ್ರು ಯಾವ ಆಂಬುಲೆನ್ಸ್ ಮೇಲೆ ಕೇಸ್ ಹಾಕ್ಬೇಕಿತ್ತು ಹೇಳಿ? ಆದ್ರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ತಡ ಅಲ್ಲ, ಆ ಮೊದಲ ಕರೆಯಲ್ಲಿ "ಗಾಡಿ ಕಳಿಸ್ತೀವಿ" ಅಂದಿದ್ದು. ಇಲ್ಲ ಅಂದಿದ್ರೆ ಆಗ್ಲೇ ಪಿಕಪ್ ಹತ್ತಿಸ್ತಿದ್ರಿ ಅಲ್ವಾ? ಇಂಗ್ಲೆಂಡಿನ ತೀರ್ಪು ನಮ್ಮ ಕೋರ್ಟಿಗೆ ಕಡ್ಡಾಯ ಅಲ್ಲ, ಆದ್ರೆ ವಕೀಲ್ರು ಎತ್ತಿ ತೋರಿಸ್ಬಹುದಾದ ವಾದ ಅದು.

ಅದಕ್ಕೆ ಬೇಕಾಗಿರೋದು ಟೈಮಿಂಗು. ಆ ಹುಡುಗನ ಮೊಬೈಲಲ್ಲಿ ಕಾಲ್ ಲಾಗ್ ಇದ್ರೆ ಇವತ್ತೇ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಆರೋಗ್ಯ ಇಲಾಖೆಗೆ ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ) ಹಾಕಿ, ಅರ್ಜಿ ಮರದಿಂದ ಬಿದ್ದವನ ಹೆಸರಲ್ಲೇ ಇರ್ಲಿ, ಇಲ್ಲಾಂದ್ರೆ ಬೇರೆಯವ್ರ ಖಾಸಗಿ ಮಾಹಿತಿ ಅಂತ ತಳ್ಳಿಬಿಡ್ತಾರೆ. 10 ರೂಪಾಯಿ ಫೀಸು, ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷ್ಯ, 150 ಪದ ಮೀರಬಾರ್ದು, ಹಾಗಾಗಿ ನೋವೆಲ್ಲ ತೋಡ್ಕೊಳ್ಳೋಕೆ ಹೋಗ್ಬೇಡಿ, ಕರೆ ಎಷ್ಟೊತ್ತಿಗೆ ಬಂತು, ಗಾಡಿಗೆ ಎಷ್ಟೊತ್ತಿಗೆ ಹೇಳಿದ್ರು, ಆಗ ಅದು ಎಲ್ಲಿತ್ತು, ಅಷ್ಟೇ ಕೇಳಿ. 30 ದಿನದೊಳಗೆ ಉತ್ತರ ಕೊಡ್ಬೇಕು. ಅದನ್ನ ಹಿಡ್ಕೊಂಡು ಹೈಕೋರ್ಟಿಗೆ ರಿಟ್ (ಹಕ್ಕಿಗೆ ಧಕ್ಕೆ ಆಗಿದೆ ಅನ್ನೋ ನೇರ ಅರ್ಜಿ) ಹೋಗೋ ದಾರಿ ಇದೆ. ಗ್ರಾಹಕರ ಕೋರ್ಟಿಗೆ ಹೋಗೋಣ ಅಂತ ಯಾರಾದ್ರೂ ಹೇಳಿದ್ರೆ 108ರ ವಿಷ್ಯಕ್ಕೆ ಬೇಡ, ಎಲ್ಲರಿಗೂ ಪುಕ್ಕಟೆ ಸಿಗೋ ಸೇವೆ ಆ ಕಾನೂನಿನೊಳಗೆ ಬರಲ್ಲ ಅಂತ 1995ರಲ್ಲೇ ತೀರ್ಮಾನ ಆಗಿದೆ.

ಆ ಖಾಸಗಿ ಆಸ್ಪತ್ರೆ ವಿಷ್ಯ ಹಂಗಲ್ಲ, ನಂಗೆ ಕೇಳಿದ್ರೆ ನಿಮ್ಮ ಗಟ್ಟಿ ಕೇಸು ಅದೇ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಲಿ ತುರ್ತು ಚಿಕಿತ್ಸೆಗೆ ಅಡ್ವಾನ್ಸ್ ಕಟ್ಟಿ ಅಂತ ಪಟ್ಟು ಹಿಡಿಯೋ ಹಾಗಿಲ್ಲ, 2017ರ ತಿದ್ದುಪಡಿಲಿ ಸ್ಪಷ್ಟವಾಗಿ ಸೇರಿಸಿದಾರೆ. ದೂರು ಕೊಡೋಕೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ, ವಕೀಲ್ರೂ ಬೇಕಿಲ್ಲ. ದುಡ್ಡು ಕಟ್ಟಿದ್ದಕ್ಕೆ ರಸೀದಿ ಇದ್ಯಾ? ಅದರ ಮೇಲಿರೋ ಟೈಮು ನೋಡಿ, ಡಾಕ್ಟ್ರು ನೋಡಿದ ಟೈಮಿಗಿಂತ ಮುಂಚೆ ಇದ್ರೆ ಅದೊಂದೇ ಚೀಟಿ ಸಾಕಷ್ಟು ಮಾತಾಡುತ್ತೆ. ಇಲ್ಲಿ ದುಡ್ಡು ಕಟ್ಟಿರೋದ್ರಿಂದ ಗ್ರಾಹಕರ ಆಯೋಗಕ್ಕೂ ಹೋಗ್ಬಹುದು, 2 ವರ್ಷದೊಳಗೆ.

ಡ್ರೈವರ್ ಮೇಲೆ ಕಂಪ್ಲೇಂಟ್ ಬೇಡ. ಅವ್ನು ಆ ಹೊತ್ತಿಗೆ ಇನ್ಯಾರದ್ದೋ ಮನೆಯವ್ರನ್ನ ಶಿವಮೊಗ್ಗಕ್ಕೆ ತಲುಪಿಸ್ತಿದ್ದ. ಒಂದು ಗಾಡಿ ಅಷ್ಟು ದೂರ ಹೋದ್ರೆ ನಿಮ್ಮ ಕಡೆಗೆ ಬೇರೆ ಗಾಡಿ ಯಾವ್ದು ಅಂತ ಯೋಚ್ನೆ ಮಾಡ್ಬೇಕಾದವ್ರು ಮೇಲಿದಾರೆ, ದೂರು ಅವರ ಹೆಸರಿಗೆ ಹೋಗ್ಲಿ.

ಇನ್ನೆರಡು ವಿಷ್ಯ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ದಿದ್ರೂ ಬೇರೆ ಕಂಪನಿ ಟವರ್ ಸಿಗ್ತಿದ್ರೆ ತುರ್ತು ನಂಬರ್ 112ಕ್ಕೆ ಕರೆ ಹೋಗುತ್ತೆ, ಗುಡ್ಡ ಹತ್ತೋ ಮುಂಚೆ ಒಮ್ಮೆ ಅಲ್ಲಿಂದ್ಲೇ ಟ್ರೈ ಮಾಡಿ. ಮತ್ತೆ ಮರದಿಂದ ಬಿದ್ದವ್ರನ್ನ ದಯವಿಟ್ಟು ಕುರ್ಚಿಲಿ ಕೂರಿಸ್ಬೇಡಿ, ಬೆನ್ನುಮೂಳೆಗೆ ಪೆಟ್ಟಾಗಿದ್ರೆ ಕೂರಿಸಿದಾಗ್ಲೇ ಇನ್ನೂ ಹಾಳಾಗ್ಬಹುದು, ಹಲಗೆನೋ ಹಳೇ ಬಾಗಿಲೋ ಸಿಕ್ಕಿದ್ರ ಮೇಲೆ ಅಂಗಾತ ಮಲಗ್ಸಿ, ಕುತ್ತಿಗೆ ಅಲುಗಾಡದ ಹಾಗೆ ನಾಲ್ಕು ಜನ ಹಿಡ್ಕೊಂಡು ಬನ್ನಿ.

ಖರ್ಚಿನ ಯೋಚ್ನೆ ಇದ್ರೆ ಶಿವಮೊಗ್ಗ ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥ್ವಾ 15100ಕ್ಕೆ ಫೋನ್ ಮಾಡಿ, ಕಡಿಮೆ ಆದಾಯದವ್ರಿಗೆ ಪುಕ್ಕಟೆ ವಕೀಲ್ರನ್ನ ಕೊಡ್ತಾರೆ, ಕೊನೆಗೌಡನಿಗೆ ಅದು ಸಿಗ್ಬೇಕು. ಆರ್‌ಟಿಐ ಉತ್ತರ ಬಂದ್ಮೇಲೆ ಒಂದು ಕಾಪಿ ನಮ್ಗೂ ಕಳ್ಸಿ, ಹೆಸರು ಬಿಟ್ಟು ಪತ್ರಿಕೆಲಿ ಹಾಕ್ತೀವಿ.