ಪ್ರಕರಣ: ಎರಡನೇ ಸಲ ಅಳೆಯಲು ಸಂಕೋಚ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಸಲಹಾರ್ಥಿಗೆ ಇಪ್ಪತ್ತರ ಆಸುಪಾಸು. ಕನ್ನಡಕದಂಗಡಿ ಸೇರಿ ನಾಲ್ಕು ತಿಂಗಳು. ನಿದ್ದೆ ಬರುವುದಿಲ್ಲ, ಅಂಗಡಿಯ ಬಾಗಿಲು ತೆರೆದ ಸದ್ದಾದರೆ ಎದೆ ಢವಢವ. “ನಾನು ಕೊಟ್ಟ ಕನ್ನಡಕ ಎಲ್ಲಾ ವಾಪಸ್ ಬರ್ತಾವೆ ಮೇಡಂ. ಈ ಕೆಲಸ ನನ್ನ ಕೈಲಾಗಲ್ಲ.”

‘ಎಲ್ಲಾ’ ಎಂಬ ಮಾತನ್ನು ಅಲ್ಲಿಗೇ ಬಿಡಲಿಲ್ಲ. ವಾಪಸ್ ಬಂದವನ್ನು ಬರೆದು ತರಲು ಹೇಳಿದೆ: ಗಿರಾಕಿಯ ಹೆಸರು ಬೇಡ, ದೂರು, ಪವರ್, ಅಳತೆ ತೆಗೆದ ಹೊತ್ತು ಸಾಕು. ಪಟ್ಟಿಯಲ್ಲಿದ್ದದ್ದು ಏಳು. ಎರಡು ಮೂಗಿನ ಮೇಲಿಂದ ಜಾರುತ್ತಿದ್ದವು, ಒಂದರಲ್ಲಿ ಮೈನಸ್ ಇರಬೇಕಾದಲ್ಲಿ ಪ್ಲಸ್. ಉಳಿದ ನಾಲ್ಕರಲ್ಲೂ ತಪ್ಪಿದ್ದು ಪಿಡಿ, ಅಂದರೆ ಎರಡು ಪಾಪೆಗಳ ನಡುವಿನ ಅಂತರ. ನಾಲ್ಕೂ ಸಂಜೆಯ ನೂಕುನುಗ್ಗಲಿನವು.

ಪಿಡಿ ಅಳೆಯುವ ಕ್ರಮ ಆಕೆಗೆ ಬಾಯಿಪಾಠ: ಸುಮಾರು 40 ಸೆಂ.ಮೀ. ದೂರದಲ್ಲಿ, ಗಿರಾಕಿಯ ಕಣ್ಣಿನ ಮಟ್ಟಕ್ಕೇ ಕೂರಬೇಕು. ತನ್ನ ಬಲಗಣ್ಣು ಮುಚ್ಚಿ, ತೆರೆದ ಎಡಗಣ್ಣನ್ನು ನೋಡಲು ಹೇಳಿ, ಗಿರಾಕಿಯ ಬಲಪಾಪೆಯ ನಡುವಿಗೆ ಸ್ಕೇಲಿನ ಸೊನ್ನೆ ಹಿಡಿಯಬೇಕು. ಸ್ಕೇಲು ಅಲುಗದಂತೆ ಕಣ್ಣು ಬದಲಿಸಿ ಎಡಪಾಪೆಯ ಅಂಕಿ ಓದಬೇಕು. ಕಣ್ಣು ಬದಲಿಸದಿದ್ದರೆ ಅಂಕಿ ಪಕ್ಕಕ್ಕೆ ಸರಿಯುತ್ತದೆ. ಗೊತ್ತಿದ್ದೂ ಆಕೆ ಒಂದೇ ಸಲ ಓದಿ ಬರೆದುಬಿಡುತ್ತಿದ್ದರು. ಮತ್ತೆ ಅಳೆದರೆ ‘ಹೊಸಬಳು’ ಅಂದುಕೊಂಡಾರೆಂಬ ಅಳುಕು.

ಬೈಯುವ ಗಿರಾಕಿಗಳೇ ತನ್ನ ಪಾಲಿಗೆ ಬರುತ್ತಾರೆ ಎಂಬ ನಂಬಿಕೆಗೂ ಲೆಕ್ಕದಲ್ಲೇ ಉತ್ತರವಿತ್ತು. 4 ಮಿ.ಮೀ. ತಪ್ಪು 1 ಪವರಿನ ಗಾಜುಗಳಲ್ಲಿ ಒಟ್ಟು 0.4 ಪ್ರಿಸಂ (ಗಾಜು ಬೆಳಕನ್ನು ಪಕ್ಕಕ್ಕೆ ಬಾಗಿಸುವುದರ ಅಳತೆ), ಹೆಚ್ಚಿನವರಿಗೆ ತಿಳಿಯುವುದೇ ಇಲ್ಲ. ಅದೇ ತಪ್ಪು 5 ಪವರಿಗೆ 2 ಪ್ರಿಸಂ: ಕಣ್ಣೆಳೆತ, ತಲೆನೋವು, ಜಗಳ. ಪಟ್ಟಿಯ ನಾಲ್ವರೂ ದೊಡ್ಡ ಪವರಿನವರು.

ಧೈರ್ಯ ತಂದುಕೊಳ್ಳಿ ಎಂದು ಹೇಳಲಿಲ್ಲ. ಅದರಿಂದ ಪಿಡಿ ಸರಿಹೋಗದು. ಮೂರು ಸಲ ಅಳೆಯಿರಿ, 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಹಿರಿಯರನ್ನು ಕರೆಯಿರಿ ಎಂದೆ. ಸಂಕೋಚ ಕಳೆಯಲು ಒಂದು ಮಾತನ್ನು ಕೂತು ರೂಢಿ ಮಾಡಿದೆವು: “ಗಾಜಿನ ನಡು ನಿಮ್ಮ ಪಾಪೆಗೆ ನೇರ ಬರಬೇಕು, ಇನ್ನೊಮ್ಮೆ ಅಳೀತೀನಿ.” ಪ್ಲಸ್, ಮೈನಸ್, ಗಾಜು ಕೂರಿಸುವ ಕೋನವಾದ ಆಕ್ಸಿಸ್‌ಗಳನ್ನು ಚೀಟಿ ನೋಡಿ ಗಟ್ಟಿಯಾಗಿ ಓದಿಯೇ ಆರ್ಡರ್ ಹಾಕುವುದು.

ಕನ್ನಡಕ ವಾಪಸ್ ಬಂದಾಗ “ಅಭ್ಯಾಸ ಆಗುತ್ತೆ” ಎಂದು ಸಾಗಹಾಕುವಂತಿಲ್ಲ (ಆಕೆಯ ಬಾಯಲ್ಲಿ ಸಲೀಸಾಗಿ ಬರುತ್ತಿದ್ದ ಮಾತು ಇದೇ). ಮೊದಲು ಲೆನ್ಸೋಮೀಟರ್ ಎಂಬ ಅಳತೆಯಂತ್ರದಲ್ಲಿ ಗಾಜಿನ ಪವರ್, ಆಮೇಲೆ ಗಾಜಿನ ನಡುವಿನ ಗುರುತು, ಕೊನೆಗೆ ಫ್ರೇಮು ಕೂತ ರೀತಿ. ಹಠಾತ್ತನೆ ಮಿಂಚು ಕಂಡಿತು, ಪರದೆ ಇಳಿದಂತಾಯಿತು ಎಂದರೆ ಕನ್ನಡಕ ಪಕ್ಕಕ್ಕಿಟ್ಟು ಅಂದೇ ಕಣ್ಣಿನ ವೈದ್ಯರ ಬಳಿ ಕಳಿಸಬೇಕು.

ಮೇಲ್ವಿಚಾರಕರ ಮುಂದೆ ಅಳುವ ಬದಲು ಪಟ್ಟಿ ಇಟ್ಟು, ಬಿಡುವಿನ ಹೊತ್ತಿನಲ್ಲಿ ಹಿರಿಯರೊಬ್ಬರ ಜೊತೆ 20 ನಿಮಿಷ ಕೇಳಲು ಹೇಳಿದೆ. ಎರಡು ವಾರವಾದರೂ ನಿದ್ದೆ ಸುಧಾರಿಸದಿದ್ದರೆ ವೈದ್ಯರನ್ನು ಕಾಣುವುದೆಂದು ಒಪ್ಪಂದ.

ಮೂರನೇ ಭೇಟಿಯ ಹೊತ್ತಿಗೆ ವಾಪಸ್ ಬಂದದ್ದು ಒಂದು. ಮೂಗಿನ ಪ್ಯಾಡು ಸಡಿಲ. ನಿದ್ದೆ ಪರವಾಗಿಲ್ಲ. ಮೇಲ್ವಿಚಾರಕರ ಹತ್ತಿರ ಮಾತಾಡುವುದು ಮಾತ್ರ ಇನ್ನೂ ಬಾಕಿ.