ಕರಗುವ ನಾರು ಮಧುಮೇಹ, ಹೃದ್ರೋಗ, ಉರಿಯೂತ ತಡೆಯಲು ಹೇಗೆ ಸಹಾಯ ಮಾಡುತ್ತದೆ?

ರಾತ್ರಿ ನೆನೆಸಿದ ಮೆಂತ್ಯ ಬೆಳಗ್ಗೆ ಲೋಳೆಲೋಳೆಯಾಗಿರುತ್ತದೆ, ಅಲ್ವಾ? ಅದಕ್ಕೆ ಕಾರಣ ಕರಗುವ ನಾರು. ಹೊಟ್ಟೆಯಲ್ಲೂ ಅದು ಹೀಗೇ ಅಂಟಾಗಿ, ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಒಂದಷ್ಟು ಪಿತ್ತರಸವನ್ನೂ ಹಿಡಿದು ಹೊರಹಾಕುತ್ತದೆ. ಹೊಸ ಪಿತ್ತಕ್ಕಾಗಿ ಲಿವರ್ ರಕ್ತದ ಕೊಲೆಸ್ಟ್ರಾಲ್ ಬಳಸಿಕೊಳ್ಳುತ್ತದೆ. ಓಟ್ಸ್, ಬಾರ್ಲಿಯಲ್ಲಿರುವ ಬೀಟಾ ಗ್ಲುಕಾನ್ ಎಂಬ ಕರಗುವ ನಾರು ದಿನಕ್ಕೆ 3 ಗ್ರಾಂ ಸಿಕ್ಕರೆ ಕೆಟ್ಟ ಕೊಲೆಸ್ಟ್ರಾಲ್ ಸ್ವಲ್ಪ ಇಳಿಯುತ್ತದೆ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ದೊಡ್ಡ ಕರುಳಿನಲ್ಲಿ ನಡೆಯುವ ಕೆಲಸ. ಅಲ್ಲಿನ ಬ್ಯಾಕ್ಟೀರಿಯಾಗಳು ಈ ನಾರನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ತಯಾರಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಆ ಪದರ ಗಟ್ಟಿಯಿದ್ದರೆ ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಸೋರುವುದು ಕಡಿಮೆ, ಉರಿಯೂತವೂ ತಗ್ಗುತ್ತದೆ.

ಅಲಸಂದೆ, ಬೆಂಡೆ, ಸೀಬೆ ದಿನಾ ಊಟದಲ್ಲಿರಲಿ. ಒಮ್ಮೆಲೇ ಜಾಸ್ತಿ ಮಾಡಿದರೆ ಗ್ಯಾಸ್ ಆಗುತ್ತದೆ. ನಿಧಾನಕ್ಕೆ ಏರಿಸಿ, ನೀರು ಚೆನ್ನಾಗಿ ಕುಡಿಯಿರಿ.