ಮನೆ ಖಾಲಿ ಮಾಡೋಕೆ ಮೂರು ವಾರ, ಅತ್ತೆ ಒರಳುಕಲ್ಲು ಬಿಡಲ್ಲ ಅಂತಾರೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಮನೆ ಬದಲಿಸುವವರ ಗೋಳೇ. ಶಾಲೆಗೆ ಬೇಸಿಗೆ ರಜೆ ಶುರುವಾಗಿದೆಯಲ್ಲ, ಅದಕ್ಕೇ ಇರಬೇಕು. ನಾಲ್ಕು ಆರಿಸಿಕೊಂಡಿದ್ದೇನೆ. ನಮ್ಮೆಜಮಾನರ ಕೆಲಸದ ಪುಣ್ಯದಿಂದ ಒಂಬತ್ತು ಸಲ ಮನೆ ಬದಲಿಸಿದವಳು ನಾನು, ಹಾಗಾಗಿ ಈ ವಿಷಯದಲ್ಲಿ ನನಗೆ ಸ್ವಲ್ಪ ಬಾಯಿ ಜಾಸ್ತಿ. ಸಹಿಸಿಕೊಳ್ಳಿ.

ಪ್ರಶ್ನೆ: ಅಕ್ಕ, ಹನ್ನೆರಡು ವರ್ಷದಿಂದ ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆಗೆ ಇದ್ದೇವೆ. ಈಗ ಮೈಸೂರಿಗೆ ಹೋಗಬೇಕು, ಮೂರು ವಾರ ಇದೆ. ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗುತ್ತಿಲ್ಲ, ಅಟ್ಟ ನೋಡಿದರೆ ತಲೆ ಸುತ್ತುತ್ತದೆ. ಸಾಲದ್ದಕ್ಕೆ ನಮ್ಮತ್ತೆ ಊರಿಂದ ತಂದ ಒರಳುಕಲ್ಲು, ತಾಮ್ರದ ಹಂಡೆ, ಹಳೇ ಹತ್ತಿ ಹಾಸಿಗೆ ಯಾವುದನ್ನೂ ಬಿಡಲ್ಲ ಅಂತಾರೆ. ದಿನಾ ಜಗಳ.
(ಹೆಸರು ಬೇಡ, ಬೆಂಗಳೂರು)

ಉತ್ತರ: ತಲೆ ಸುತ್ತಿದರೂ ಅಟ್ಟದಿಂದಲೇ ಶುರು ಮಾಡಿ. ಅಲ್ಲಿರುವ ಒಂದು ಸಾಮಾನೂ ಮೂರು ವಾರದಲ್ಲಿ ನಿಮಗೆ ಬೇಕಾಗಲ್ಲ, ಅಲ್ವಾ? ದಿನಾ ಬಳಸುವ ಅಡುಗೆಮನೆಗೆ ಕೊನೆಯ ದಿನದವರೆಗೂ ಕೈ ಹಾಕಬೇಡಿ. ಮನೆ ಬದಲಿಸುವಾಗ ಸುಸ್ತಾಗುವುದು ಹೊತ್ತು ಹೊತ್ತು ಅಲ್ಲ, 'ಇದು ಬೇಕಾ, ಬೇಡ್ವಾ' ಅಂತ ಸಾವಿರ ಸಲ ಯೋಚಿಸಿ. ಆ ಯೋಚನೆಯನ್ನು ಲಾರಿ ಬರುವ ಹಿಂದಿನ ರಾತ್ರಿಗೆ ಇಟ್ಟುಕೊಂಡರೆ ಮುಗೀತು, ಹನ್ನೊಂದು ಗಂಟೆ ಹೊತ್ತಿಗೆ ಕೈಗೆ ಸಿಕ್ಕಿದ್ದೆಲ್ಲ ಡಬ್ಬಕ್ಕೆ ಹೋಗುತ್ತದೆ. ನಾವು ಹೀಗೇ ಒಂದು ಮಿಕ್ಸಿ ಜಾರಿನ ಮುಚ್ಚಳವನ್ನು ಹಾಸನ, ಶಿವಮೊಗ್ಗ, ಹುಬ್ಬಳ್ಳಿ ಮೂರೂ ಊರು ಸುತ್ತಿಸಿದ್ದೇವೆ. ಮಿಕ್ಸಿ ಸುಟ್ಟುಹೋಗಿದ್ದು ಹಾಸನಕ್ಕೂ ಮುಂಚೆ!

ದಿನಕ್ಕೆ ಒಂದು ಗಂಟೆ, ಒಂದು ಮೂಲೆ, ಅಷ್ಟು ಸಾಕು. ಬೇಡದ್ದು ಅಂತ ತೀರ್ಮಾನ ಆದದ್ದನ್ನು ಅವತ್ತೇ ಗುಜರಿಯವನಿಗೋ ಬೇಕಾದವರಿಗೋ ಕೊಟ್ಟುಬಿಡಿ. ಮೂಲೆಯಲ್ಲಿ ಇಟ್ಟರೆ ಮಾರನೇ ದಿನ ಯಾರಾದರೂ ವಾಪಸ್ ಎತ್ತಿಡುತ್ತಾರೆ, ನಮ್ಮನೇಲಿ ಆ ಕೆಲಸ ಯಜಮಾನರದ್ದು.

ಇನ್ನು ಅತ್ತೆಯವರ ವಿಷಯ. ನೀವು ಬೈದುಕೊಂಡರೂ ಪರವಾಗಿಲ್ಲ, ನಾನು ಅವರ ಕಡೆ. ಊರಿನ ಮನೆ ಒಂದು ಸಲ ಬಿಟ್ಟು ಬಂದಿದ್ದಾರೆ, ಈಗ ಈ ವಯಸ್ಸಲ್ಲಿ ಇನ್ನೊಂದು. ದೇವಸ್ಥಾನದ ದಾರಿ, ಸೊಪ್ಪಿನವಳು, ಎದುರುಮನೆ ಗೆಳತಿ ಎಲ್ಲ ಇಲ್ಲೇ ಉಳಿಯುತ್ತದೆ. ಕೈಯಲ್ಲಿ ಉಳಿಯುವುದು ಆ ಒರಳುಕಲ್ಲು ಒಂದೇ, ಅದನ್ನೂ ಬಿಡಿ ಅಂದರೆ ಹೇಗೆ? ಲೆಕ್ಕ ಹಾಕಿದರೂ ನಷ್ಟ ಇಲ್ಲ. ಲಾರಿ ಬಾಡಿಗೆ ಸಾಮಾನ್ಯವಾಗಿ ಟ್ರಿಪ್ಪಿಗೆ, ಕಲ್ಲಿನ ತೂಕಕ್ಕಲ್ಲ. ಆದರೆ ಕಲ್ಲಿದೆ ಅಂತ ದರ ಮಾತಾಡುವಾಗಲೇ ಹೇಳಿ, ಲಿಫ್ಟ್ ಇಲ್ಲದ ಮೂರನೇ ಮಹಡಿ ಆದರೆ ಹೊರುವವರು ಆಮೇಲೆ ತಕರಾರು ತೆಗೆಯುತ್ತಾರೆ, ಅದು ಅವರ ತಪ್ಪೂ ಅಲ್ಲ. ಹಂಡೆಯೊಳಗೆ ಬಟ್ಟೆ ತುಂಬಿ, ಒಂದು ಡಬ್ಬ ಉಳಿಯುತ್ತದೆ. ಹತ್ತಿ ಹಾಸಿಗೆಯನ್ನು ಬೀರುವಿನ ಕನ್ನಡಿಗೆ ಸುತ್ತಿ ಹಗ್ಗ ಕಟ್ಟಿ, ಅದಕ್ಕಿಂತ ಒಳ್ಳೇ ಪ್ಯಾಕಿಂಗ್ ಯಾವ ಕಂಪನಿಯೂ ಕೊಡಲ್ಲ. ಮೈಸೂರಿಗೆ ಹೋದಮೇಲೆ ಹತ್ತಿ ಹಿಂಜಿಸಿ ಹೊಸದಾಗಿ ಹೊಲಿಸಬಹುದು. ಹಾಗೇ ಎರಡು ಖಾಲಿ ಡಬ್ಬ ಅವರ ಕೈಗೆ ಕೊಟ್ಟು, 'ಅಮ್ಮ, ಇದು ನಿಮ್ಮದು, ಏನು ಬೇಕಾದರೂ ಹಾಕಿ, ನಾವು ಕೇಳಲ್ಲ' ಅನ್ನಿ. ಡಬ್ಬ ತುಂಬಿದಮೇಲೆ ಅವರೇ ಆರಿಸಲು ಶುರು ಮಾಡುತ್ತಾರೆ.

ಮೊದಲ ರಾತ್ರಿಗೆ ಅಂತ ಒಂದು ಬಕೆಟ್ ಬೇರೆ ಇಡಿ. ಚೊಂಬು, ಸೋಪು, ಟವೆಲ್, ಚಾಕು, ಸ್ಕ್ರೂಡ್ರೈವರ್, ಒಂದು ಬಲ್ಬು, ಸೊಳ್ಳೆ ಬತ್ತಿ, ಚಾರ್ಜರ್, ಅತ್ತೆಯವರ ಮಾತ್ರೆ, ಕಾಫಿ ಪುಡಿ, ಫಿಲ್ಟರು. ಇದು ಲಾರಿಗೆ ಹೋಗಕೂಡದು, ನಿಮ್ಮ ಕಾಲ ಹತ್ತಿರವೇ ಇರಬೇಕು. ಯಜಮಾನರು ಸ್ಕೂಟರಲ್ಲಿ ಲಾರಿ ಹಿಂದೆ ಬರುತ್ತೇನೆ ಅಂದರೆ ಒಂದು ಮಾತು ನೆನಪಿಸಿ: 2023ರ ಆಗಸ್ಟಿನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನ ಬಿಡಲ್ಲ, ಸರ್ವಿಸ್ ರಸ್ತೆಯೇ ಗತಿ. ಬೀಗದ ಕೈ ಅವರ ಜೇಬಲ್ಲಿದ್ದರೆ ಲಾರಿ ಬಾಗಿಲಲ್ಲಿ ಕಾಯುತ್ತಾ ನಿಂತಿರುತ್ತದೆ.

ಪ್ರಶ್ನೆ: ಪ್ಯಾಕರ್ಸ್‌ನವರಿಗೆ ಎಲ್ಲ ವಹಿಸಿಬಿಟ್ಟರೆ ನೆಮ್ಮದಿ ಅಂತಾರೆ. ನಿಜವಾ?
(ಓದುಗ, ತುಮಕೂರು)

ಉತ್ತರ: ಅರ್ಧ ನಿಜ. ಫೋನಿನಲ್ಲೇ ದರ ಹೇಳುವವರನ್ನು ನಂಬಬೇಡಿ, ಮನೆಗೆ ಬಂದು ಅಟ್ಟ, ಬಾಲ್ಕನಿ ಎಲ್ಲ ನೋಡಿ ಆಮೇಲೆ ದರವನ್ನು ಬರೆದುಕೊಡಲಿ. ಮೆಟ್ಟಿಲು, ಇಳಿಸುವ ಕೂಲಿ, ಟೋಲ್ ಎಲ್ಲ ಅದರಲ್ಲಿ ಸೇರಿದೆಯಾ ಕೇಳಿ. ಕಮ್ಮಿ ದರ ಹೇಳಿ, ಸಾಮಾನು ಲಾರಿಗೆ ಏರಿದಮೇಲೆ ಇನ್ನಷ್ಟು ಕೊಟ್ಟರೇ ಇಳಿಸೋದು ಅನ್ನುವವರೂ ಇದ್ದಾರೆ. ಪೂರ್ತಿ ದುಡ್ಡು ಮೊದಲೇ ಕೊಡಬೇಡಿ. ಚಿನ್ನ, ಕಾಗದಪತ್ರ, ಲ್ಯಾಪ್‌ಟಾಪ್ ನಿಮ್ಮ ಕೈಯಲ್ಲೇ ಇರಲಿ.

ನಮ್ಮ ಐದನೇ ಮನೆಗೆ ಹೋಗುವಾಗ ಹೀಗೇ ಎಲ್ಲ ವಹಿಸಿ ನಾನು ಆರಾಮಾಗಿ ಕೂತಿದ್ದೆ. ಹುಡುಗರು ಬಹಳ ಚುರುಕು, ಕಪಾಟಿನಲ್ಲಿ ಅಕ್ಕಪಕ್ಕ ಇದ್ದದ್ದನ್ನೆಲ್ಲ ಒಂದೇ ಡಬ್ಬಕ್ಕೆ ಹಾಕಿದ್ದರು. ಮಾವಿನಕಾಯಿ ಉಪ್ಪಿನಕಾಯಿ ಭರಣಿ ಹೋಗಿ ನನ್ನ ಧಾರೆ ಸೀರೆ ಪಕ್ಕ ಕೂತಿತ್ತು. ಡಬ್ಬ ಬಿಚ್ಚಿದಾಗ ಸೆರಗಿನ ಜರಿಯ ಮೇಲೆ ಎಣ್ಣೆ, ಮೆಂತ್ಯದ ಪುಡಿ. ಅವತ್ತಿಂದ ಉಪ್ಪಿನಕಾಯಿಯನ್ನು ಪಕ್ಕದ ಮನೆಯವರಿಗೆ ಹಂಚಿಯೇ ಹೊರಡುವುದು. ಇನ್ನೊಂದು ಸಲ ಮಂಚದ ನಟ್ಟು-ಬೋಲ್ಟು ಕಳೆದು ಎಂಟು ದಿನ ನೆಲದ ಮೇಲೆ ಮಲಗಿದ್ದೇವೆ. ಬಿಚ್ಚಿದ ತಕ್ಷಣ ಒಂದು ಕವರಿಗೆ ಹಾಕಿ ಆ ಮಂಚದ ಹಲಗೆಗೇ ಟೇಪಿನಲ್ಲಿ ಅಂಟಿಸಿ.

ಫ್ರಿಜ್ ಹಿಂದಿನ ದಿನವೇ ಆಫ್ ಮಾಡಿ ಐಸ್ ಕರಗಿಸಿ ಒರೆಸಿ, ನಿಲ್ಲಿಸಿಯೇ ಸಾಗಿಸಿ, ಹೋದ ತಕ್ಷಣ ಆನ್ ಮಾಡದೆ ಕೆಲವು ಗಂಟೆ ಬಿಡಿ. ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್ ಆದರೆ, ಕೊಂಡಾಗ ಹಿಂಬದಿಯಿಂದ ಬಿಚ್ಚಿಕೊಟ್ಟ ಉದ್ದನೆಯ ಬೋಲ್ಟುಗಳನ್ನು ಹುಡುಕಿ ವಾಪಸ್ ಹಾಕಿಸಿ. ಇಲ್ಲದಿದ್ದರೆ ಒಳಗಿನ ಡ್ರಮ್ ದಾರಿಯುದ್ದಕ್ಕೂ ಕುಣಿಯುತ್ತದೆ.

ಪ್ರಶ್ನೆ: ಹೊಸ ಬಾಡಿಗೆ ಮನೆ ಈಗಲೇ ಕೈಗೆ ಸಿಕ್ಕಿದೆ. ಆದರೆ ಸಾಮಾನು ಸಾಗಿಸಲು ನಮಗೆ ಆಗುವುದು ಆಷಾಢದಲ್ಲೇ. ಅಮ್ಮ ಬೇಡವೇ ಬೇಡ ಅಂತಾರೆ.
(ಓದುಗಿ, ದಾವಣಗೆರೆ)

ಉತ್ತರ: ಆಷಾಢಕ್ಕೆ ಮುಂಚೆ ಒಂದು ಒಳ್ಳೇ ದಿನ ನೋಡಿ ದೇವರ ಫೋಟೋ, ಅಕ್ಕಿ, ಬೇಳೆ, ಉಪ್ಪು, ತುಂಬಿದ ಕೊಡ ಇಟ್ಟು ಹಾಲು ಉಕ್ಕಿಸಿ ಬನ್ನಿ. ಸಾಧ್ಯವಾದರೆ ಅವತ್ತು ರಾತ್ರಿ ಅಲ್ಲೇ ಮಲಗಿ. ಮನೆ ತುಂಬಿಯಾಯಿತು. ಮಿಕ್ಕ ಸಾಮಾನು ಯಾವಾಗ ಬೇಕಾದರೂ ಹೋಗಲಿ, ಇದಕ್ಕೆ ಹೆಚ್ಚಿನ ಅಮ್ಮಂದಿರು ಒಪ್ಪುತ್ತಾರೆ. ಆಷಾಢದಲ್ಲಿ ಮನೆ ಬದಲಿಸುವವರು ಕಮ್ಮಿ, ಲಾರಿಯವರೂ ಕೈಗೆ ಸಿಗುತ್ತಾರೆ. ಮಳೆ ಮಾತ್ರ ನೋಡಿಕೊಳ್ಳಿ, ಟಾರ್ಪಾಲ್ ಇಲ್ಲದ ಗಾಡಿ ಬೇಡ.

ಪ್ರಶ್ನೆ: ಗ್ಯಾಸ್, ಕರೆಂಟು, ಅಡ್ವಾನ್ಸು... ಇವನ್ನೆಲ್ಲ ಯಾವಾಗ ನೋಡಿಕೊಳ್ಳಬೇಕು? ನಾವೂ ಬೆಂಗಳೂರಿಂದ ಮೈಸೂರಿಗೇ.
(ಹೊಸ ದಂಪತಿ)

ಉತ್ತರ: ಅಡ್ವಾನ್ಸು ಇವತ್ತೇ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಕೊಟ್ಟು ಬಂದವರೂ ಇದ್ದೀರಿ, ಓನರ್ ಅದನ್ನು ಡಬ್ಬದಲ್ಲಿ ಇಟ್ಟಿರಲ್ಲ. ಖಾಲಿ ಮಾಡುವ ದಿನವನ್ನು ಬರೆದು ತಿಳಿಸಿ, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಅಂತ ಕರಾರು ಪತ್ರ ತೆಗೆದು ಓದಿ. ಒಂದು ತಿಂಗಳ ಬಾಡಿಗೆ ಹಿಡಿಯುವುದು ರೂಢಿ, ಅದಕ್ಕಿಂತ ಜಾಸ್ತಿ ಕೇಳಿದರೆ ಲೆಕ್ಕ ಕೇಳಿ. ಮನೆ ಖಾಲಿಯಾದಮೇಲೆ ಗೋಡೆ, ನಲ್ಲಿ, ಮೀಟರ್ ರೀಡಿಂಗ್ ಎಲ್ಲದರ ಫೋಟೋ ತೆಗೆದುಕೊಳ್ಳಿ.

ಗೃಹಜ್ಯೋತಿ ಇದ್ದರೆ ಹಳೇ ಮನೆಯ ಆರ್.ಆರ್. ಸಂಖ್ಯೆಯಿಂದ ನಿಮ್ಮ ಆಧಾರ್ ಬಿಡಿಸಲೇಬೇಕು. ಸೇವಾ ಸಿಂಧುವಿನಲ್ಲೇ ಡಿ-ಲಿಂಕ್ ಮಾಡಬಹುದು. ಆಮೇಲೆ ಹೊಸ ಮನೆಯ ಸಂಖ್ಯೆಗೆ ಮತ್ತೆ ನೋಂದಣಿ, ಮೈಸೂರಿನಲ್ಲಿ ಕರೆಂಟು ಬೆಸ್ಕಾಂ ಅಲ್ಲ, ಸೆಸ್ಕ್. ವೋಟರ್ ಲಿಸ್ಟಿನಲ್ಲಿ ವಿಳಾಸ ಬದಲಿಸಲು ಫಾರ್ಮ್ 8, ಅದಕ್ಕೆ ಅವಸರ ಇಲ್ಲ.

ಗ್ಯಾಸ್ ಸಿಲಿಂಡರ್ ಲಾರಿಗೆ ಹಾಕಬೇಡಿ. ಬೇರೆ ಊರಿಗೆ ಹೋಗುವಾಗ ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ನಿಮ್ಮ ಏಜೆನ್ಸಿಗೆ ಒಪ್ಪಿಸಿ, ಡೆಪಾಸಿಟ್ ವಾಪಸ್ ಪಡೆದು ಟರ್ಮಿನೇಷನ್ ವೋಚರ್ ತೆಗೆದುಕೊಳ್ಳಿ. ಮೈಸೂರಿನ ಏಜೆನ್ಸಿಗೆ ಅದನ್ನು ತೋರಿಸಿದರೆ ಈಗಿನ ದರದ ಡೆಪಾಸಿಟ್ ಕಟ್ಟಿಸಿಕೊಂಡು ಕನೆಕ್ಷನ್ ಕೊಡುತ್ತಾರೆ. ಒಪ್ಪಿಸುವುದಕ್ಕೂ ಅಲ್ಲಿ ಸಿಗುವುದಕ್ಕೂ ನಡುವೆ ಕೆಲವು ದಿನ ಒಲೆ ಉರಿಯಲ್ಲ. ಅಷ್ಟಕ್ಕೆ ಒಂದು ಇಂಡಕ್ಷನ್ ಒಲೆಯನ್ನು, ಅದರ ಮೇಲೆ ಕೂರುವ ತಳದ ಪಾತ್ರೆ ಸಮೇತ, ಮೇಲೆ ಹೇಳಿದ ಬಕೆಟ್ ಪಕ್ಕ ಇಟ್ಟುಕೊಳ್ಳಿ. ಪಾತ್ರೆ ಮರೆತರೆ ಕಷ್ಟ, ಅಲ್ಯೂಮಿನಿಯಂ ಪಾತ್ರೆ ಹಿಡಿದುಕೊಂಡು ಹಾಲು ಉಕ್ಕಿಸಲು ನಿಂತು ನಾನೊಮ್ಮೆ ಪಕ್ಕದ ಮನೆ ಬಾಗಿಲು ತಟ್ಟಿದ್ದೇನೆ.